ಸಹಿಗೂ ಹಸ್ತಾಂತರಕ್ಕೂ ನಡುವಿನ ತಿಂಗಳುಗಳು: ಅನಿಶ್ಚಿತ ಕಾಲದಲ್ಲಿ ವಿದೇಶಿ ಕಂಪನಿ ಕೊಳ್ಳುವವರಿಗೊಂದು ಮಾರ್ಗದರ್ಶಿ

ನಮ್ಮ ಕಡೆ ಜಮೀನು ಕೊಳ್ಳುವವರು ಪಹಣಿ ಮತ್ತು ಋಣಭಾರ ಪತ್ರ ನೋಡಿ, ಮುಂಗಡ ಕೊಟ್ಟು, ಕ್ರಯದ ಕರಾರು ಮಾಡಿಕೊಂಡು, ಕೆಲವು ತಿಂಗಳ ಬಳಿಕ ಉಪನೋಂದಣಾಧಿಕಾರಿಯ ಕಚೇರಿಗೆ ಹೋಗುತ್ತಾರೆ. ವ್ಯಾಜ್ಯಗಳು ಹುಟ್ಟುವುದು ಹೆಚ್ಚಾಗಿ ಕರಾರಿಗೂ ನೋಂದಣಿಗೂ ನಡುವಿನ ಆ ತಿಂಗಳುಗಳಲ್ಲಿ. ಗಡಿ ದಾಟಿ ಕಂಪನಿ ಕೊಳ್ಳುವ ವ್ಯವಹಾರದಲ್ಲೂ ಇಂಥದೇ ಒಂದು ಅವಧಿಯಿದೆ. ಒಪ್ಪಂದಕ್ಕೆ ಸಹಿ ಬಿದ್ದ ದಿನಕ್ಕೂ ಹಣ ಪಾವತಿಯಾಗಿ ಷೇರುಗಳು ಕೈಸೇರುವ ದಿನಕ್ಕೂ ನಡುವೆ ಸಾಮಾನ್ಯವಾಗಿ ಆರು ತಿಂಗಳಿಂದ ಒಂದೂವರೆ ವರ್ಷ ಹಿಡಿಯುತ್ತದೆ. ಆರ್ಥಿಕತೆ ಸ್ಥಿರವಾಗಿದ್ದಾಗ ಈ ಅವಧಿ ಬರೀ ಕಾಗದಪತ್ರದ ಕೆಲಸವಾಗಿ ಕಳೆದುಹೋಗುತ್ತದೆ. ಬಡ್ಡಿದರ, ವಿನಿಮಯ ದರ, ಸುಂಕ, ಯುದ್ಧ ಇವುಗಳಲ್ಲಿ ಯಾವುದು ಯಾವಾಗ ತಿರುಗುತ್ತದೆಂದು ತಿಳಿಯದ ಕಾಲದಲ್ಲಿ ಮಾತ್ರ ಖರೀದಿಯ ಲಾಭನಷ್ಟ ಬೆಲೆಗಿಂತ ಹೆಚ್ಚಾಗಿ ಈ ಅವಧಿಯ ಹೊಣೆ ಯಾರ ತಲೆಯ ಮೇಲಿದೆ ಎಂಬುದರಿಂದ ತೀರ್ಮಾನವಾಗುತ್ತದೆ.

ವಿದೇಶದಲ್ಲಿ ಕಂಪನಿಯೊಂದನ್ನು ಕೊಳ್ಳಲು ಹೊರಟಿರುವ ಭಾರತೀಯ ಸಂಸ್ಥೆಯ ಹಣಕಾಸು ಮುಖ್ಯಸ್ಥರು, ಕಂಪನಿ ಕಾರ್ಯದರ್ಶಿಗಳು ಮತ್ತು ಅವರಿಗೆ ಸಲಹೆ ನೀಡುವ ವಕೀಲರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಲೇಖನ ಬರೆದಿದ್ದೇನೆ. ಪತ್ರಿಕೆಗಳು ‘ವಿಲೀನ’ ಎಂದು ಬರೆಯುವ ಹೆಚ್ಚಿನ ವ್ಯವಹಾರಗಳು ಕಾನೂನಿನ ಅರ್ಥದಲ್ಲಿ ವಿಲೀನಗಳೇ ಅಲ್ಲ. ಕಂಪನಿ ಕಾಯ್ದೆಯ 234ನೇ ಸೆಕ್ಷನ್ 2017ರ ಏಪ್ರಿಲ್ 13ರಿಂದ ಜಾರಿಗೆ ಬಂದು ವಿದೇಶಿ ಕಂಪನಿಯೊಡನೆ ನಿಜವಾದ ವಿಲೀನಕ್ಕೆ ದಾರಿ ತೆರೆದಿದೆಯಾದರೂ, ಬಹುತೇಕರು ಸರಳವಾದ ಷೇರು ಖರೀದಿಯ ದಾರಿಯನ್ನೇ ಹಿಡಿಯುತ್ತಾರೆ. ಇಲ್ಲಿ ಹೇಳುವುದೂ ಅದನ್ನೇ.

ಮೊದಲ ಹೆಜ್ಜೆ: ಗರಿಷ್ಠ ಬೆಲೆಯನ್ನು ಮೊದಲೇ ಬರೆದಿಡುವುದು

ಹೂಡಿಕೆ ಬ್ಯಾಂಕಿನವರು ಬಣ್ಣದ ಸ್ಲೈಡುಗಳನ್ನು ಹಿಡಿದು ಬರುವುದಕ್ಕೆ ಮೊದಲೇ ಮೂರು ಪುಟಗಳ ಟಿಪ್ಪಣಿಯೊಂದನ್ನು ನಿಮ್ಮ ಕಂಪನಿಯವರೇ ಬರೆದು ನಿರ್ದೇಶಕ ಮಂಡಳಿಯ ಮುಂದಿಡಬೇಕು. ಈ ಕಂಪನಿ ನಮಗೆ ಏಕೆ ಬೇಕು, ಇದಕ್ಕೆ ಎಷ್ಟರ ಮೇಲೆ ಒಂದು ರೂಪಾಯಿಯನ್ನೂ ಕೊಡುವುದಿಲ್ಲ, ಏನು ಸಂಭವಿಸಿದರೆ ಕೈಬಿಟ್ಟು ಎದ್ದು ಬರುತ್ತೇವೆ ಎಂಬ ಮೂರು ಪ್ರಶ್ನೆಗಳಿಗೆ ಅದರಲ್ಲಿ ಉತ್ತರವಿದ್ದರೆ ಸಾಕು. ಹರಾಜಿನ ಬಿಸಿಯಲ್ಲಿ ಈ ಉತ್ತರಗಳನ್ನು ಹುಡುಕಲು ಹೊರಟರೆ ಸಿಗುವುದಿಲ್ಲ.

ಟಾಟಾ ಸ್ಟೀಲ್ 2006ರ ಅಕ್ಟೋಬರ್‌ನಲ್ಲಿ ಆಂಗ್ಲೋ-ಡಚ್ ಉಕ್ಕು ಕಂಪನಿ ಕೋರಸ್‌ಗೆ ಷೇರಿಗೆ 455 ಪೆನ್ಸ್ ಕೊಡಲು ಮುಂದಾಯಿತು. ಬ್ರೆಜಿಲ್‌ನ ಸಿಎಸ್‌ಎನ್ ಕಂಪನಿ ಪೈಪೋಟಿಗೆ ಬಂತು. 2007ರ ಜನವರಿ 30ರ ಸಂಜೆ ಆರಂಭವಾಗಿ ಮರುದಿನ ನಸುಕಿಗೆ ಮುಗಿದ ಹರಾಜಿನಲ್ಲಿ ಸಿಎಸ್‌ಎನ್ 603 ಪೆನ್ಸ್‌ಗೆ ನಿಂತಿತು, ಟಾಟಾ 608 ಪೆನ್ಸ್‌ಗೆ ಗೆದ್ದಿತು. ಮೊದಲ ಬೆಲೆಗಿಂತ ಮೂರನೇ ಒಂದರಷ್ಟು ಹೆಚ್ಚು. ಒಂದೂವರೆ ವರ್ಷದಲ್ಲಿ ಜಾಗತಿಕ ಹಣಕಾಸು ಬಿಕ್ಕಟ್ಟು ಬಂದು ಯುರೋಪಿನ ಉಕ್ಕಿನ ಬೇಡಿಕೆ ಕುಸಿಯಿತು. 2016ರಲ್ಲಿ ಬ್ರಿಟನ್ನಿನ ಉದ್ದ ಉಕ್ಕಿನ (ಹಳಿ, ಸರಳು ಮುಂತಾದವುಗಳ) ಘಟಕವನ್ನು ಕಂಪನಿ ಒಂದು ಪೌಂಡಿನ ಸಾಂಕೇತಿಕ ಬೆಲೆಗೆ ಮಾರಿತು. ಪೋರ್ಟ್ ಟಾಲ್ಬಟ್‌ನ ಕೊನೆಯ ಊದುಕುಲುಮೆ 2024ರ ಸೆಪ್ಟೆಂಬರ್ 30ರಂದು ಆರಿತು.

ಅದೇ ಸಮೂಹದ ಟಾಟಾ ಮೋಟಾರ್ಸ್ 2008ರ ಜೂನ್‌ನಲ್ಲಿ ಜಾಗ್ವಾರ್ ಮತ್ತು ಲ್ಯಾಂಡ್ ರೋವರ್‌ಗಳನ್ನು ಫೋರ್ಡ್‌ನಿಂದ 230 ಕೋಟಿ ಡಾಲರ್‌ಗೆ ಪಡೆಯಿತು. ಆ ಎರಡು ಕಂಪನಿಗಳನ್ನು ಕೊಳ್ಳಲು ಫೋರ್ಡ್ ಒಂದು ಕಾಲದಲ್ಲಿ ತೆತ್ತಿದ್ದ ಹಣದ ಅರ್ಧಕ್ಕಿಂತಲೂ ಇದು ಕಡಿಮೆ. ಜೊತೆಗೆ ನೌಕರರ ಪಿಂಚಣಿ ನಿಧಿಗೆ ಸುಮಾರು 60 ಕೋಟಿ ಡಾಲರನ್ನು ಫೋರ್ಡ್ ತಾನೇ ತುಂಬಿಕೊಟ್ಟಿತು. ಮೂರೇ ತಿಂಗಳಲ್ಲಿ ಲೀಮನ್ ಬ್ರದರ್ಸ್ ಮುಳುಗಿ, 2008-09ರಲ್ಲಿ ಟಾಟಾ ಮೋಟಾರ್ಸ್ ಭಾರಿ ನಷ್ಟ ಕಂಡಿತಾದರೂ ಕಂಪನಿ ಉಳಿಯಿತು, ಮುಂದಿನ ವರ್ಷಗಳಲ್ಲಿ ಅದರ ಲಾಭದ ದೊಡ್ಡ ಪಾಲು ಜಾಗ್ವಾರ್ ಲ್ಯಾಂಡ್ ರೋವರ್‌ನಿಂದಲೇ ಬಂತು. ಚೀನಾದಲ್ಲಿ ಐಷಾರಾಮಿ ಕಾರುಗಳ ಮಾರುಕಟ್ಟೆ ಬೆಳೆದದ್ದು ಅದೃಷ್ಟವೇ ಸರಿ. ಆದರೆ ಅದೃಷ್ಟ ಬರುವವರೆಗೆ ಕಾಯಲು ಆ ಬೆಲೆಯಲ್ಲಿ ಒಂದು ಕೆಟ್ಟ ವರ್ಷಕ್ಕೆ ಜಾಗವಿತ್ತು, ಕೋರಸ್‌ನ ಬೆಲೆಯಲ್ಲಿ ಇರಲಿಲ್ಲ.

ಗರಿಷ್ಠ ಬೆಲೆಯನ್ನು ಲೆಕ್ಕ ಹಾಕುವಾಗ ಮಾರಾಟ ಶೇ 30ರಷ್ಟು ಇಳಿದರೆ, ರೂಪಾಯಿ ಶೇ 15ರಷ್ಟು ಕುಸಿದರೆ, ಬಡ್ಡಿ ಮೂರು ಪ್ರತಿಶತಾಂಶ ಏರಿದರೆ ಏನಾಗುತ್ತದೆಂದು ನೋಡಿ. ಹೆಚ್ಚಿನ ಕಂಪನಿಗಳು ಈ ಮೂರನ್ನೂ ಒಂದೊಂದಾಗಿ ಪರೀಕ್ಷಿಸಿ, ಒಂದೊಂದನ್ನೂ ತಾಳಿಕೊಳ್ಳಬಹುದೆಂದು ಸಮಾಧಾನಪಟ್ಟುಕೊಳ್ಳುತ್ತವೆ. ಬಿಕ್ಕಟ್ಟಿನಲ್ಲಿ ಅವು ಒಂದೊಂದಾಗಿ ಬರುವುದಿಲ್ಲ. 2008ರ ಆರಂಭದಲ್ಲಿ ಡಾಲರಿಗೆ 39 ರೂಪಾಯಿಯ ಆಸುಪಾಸಿನಲ್ಲಿದ್ದ ದರ 2009ರ ಮಾರ್ಚ್‌ನಲ್ಲಿ 50 ದಾಟಿದಾಗ, ಬೇಡಿಕೆಯೂ ಬಿದ್ದಿತ್ತು, ಬ್ಯಾಂಕುಗಳೂ ಕೈ ಬಿಗಿ ಹಿಡಿದಿದ್ದವು. ಮೂರನ್ನೂ ಒಟ್ಟಿಗೆ ಹೇರಿ ಲೆಕ್ಕ ಮಾಡಿ.

ಎರಡನೆಯ ಹೆಜ್ಜೆ: ಹಣ ಯಾವ ನಾಣ್ಯದಲ್ಲಿ, ಯಾವಾಗ, ಯಾರಿಂದ

ಬೆಂಗಳೂರಿನ ಬಯೋಕಾನ್ ಬಯಾಲಜಿಕ್ಸ್, ಅಮೆರಿಕದ ವಿಯಾಟ್ರಿಸ್‌ನ ಬಯೋಸಿಮಿಲರ್ (ಮೂಲ ಜೈವಿಕ ಔಷಧಕ್ಕೆ ಸಮನಾದ) ಔಷಧಗಳ ವಹಿವಾಟನ್ನು ಕೊಳ್ಳುವುದಾಗಿ ಪ್ರಕಟಿಸಿದ್ದು 2022ರ ಫೆಬ್ರುವರಿ 28ರಂದು, ಅಂದರೆ ರಷ್ಯಾ ಉಕ್ರೇನಿನ ಮೇಲೆ ದಂಡೆತ್ತಿ ಹೋದ ನಾಲ್ಕು ದಿನಗಳ ಬಳಿಕ. ಹಸ್ತಾಂತರ ಮುಗಿದದ್ದು ಅದೇ ವರ್ಷದ ನವೆಂಬರ್ 29ಕ್ಕೆ. ಈ ಒಂಬತ್ತು ತಿಂಗಳಲ್ಲಿ ಅಮೆರಿಕದ ಫೆಡರಲ್ ರಿಸರ್ವ್‌ನ ಬಡ್ಡಿದರ ಶೇ 0–0.25ರಿಂದ ಶೇ 3.75–4ಕ್ಕೆ ಏರಿತ್ತು. ಸಹಿ ಹಾಕಿದ ದಿನದ ಬಡ್ಡಿ ಲೆಕ್ಕ ಹಣ ಕೊಡುವ ದಿನಕ್ಕೆ ಹಳೆಯ ಪಂಚಾಂಗವಾಗಿತ್ತು.

ಆ ಒಪ್ಪಂದದ ರಚನೆಯಲ್ಲಿ ಕಲಿಯುವುದಿದೆ. ಒಟ್ಟು ಬೆಲೆ ಗರಿಷ್ಠ 333.5 ಕೋಟಿ ಡಾಲರ್. ಇದರಲ್ಲಿ 200 ಕೋಟಿ ಡಾಲರ್ ಮಾತ್ರ ಹಸ್ತಾಂತರದ ದಿನ ನಗದಾಗಿ, 33.5 ಕೋಟಿಯವರೆಗೆ ಮುಂದಿನ ದಿನಗಳಲ್ಲಿ, ಉಳಿದ 100 ಕೋಟಿಗೆ ಬಯೋಕಾನ್ ಬಯಾಲಜಿಕ್ಸ್‌ನದೇ ಷೇರುಗಳಾಗಿ ಪರಿವರ್ತನೆ ಹೊಂದುವ ಆದ್ಯತಾ ಪತ್ರಗಳು. ಮಾರುವವನೇ ಹೀಗೆ ಪಾಲುದಾರನಾಗಿ ಉಳಿದರೆ ಕೊಳ್ಳುವವನಿಗೆ ಎರಡು ಅನುಕೂಲಗಳಿವೆ: ಸಾಲದ ಹೊರೆ ತಗ್ಗುತ್ತದೆ, ಮಾರಿದ ಮೇಲೂ ವಹಿವಾಟು ಚೆನ್ನಾಗಿರಲಿ ಎಂಬ ಆಸಕ್ತಿ ಮಾರಿದವನಿಗೆ ಉಳಿಯುತ್ತದೆ.

ವಿನಿಮಯ ದರದ ವಿಚಾರದಲ್ಲಿ ಎರಡು ಬೇರೆ ಬೇರೆ ಅಪಾಯಗಳನ್ನು ಕಲಸಿಕೊಳ್ಳಬಾರದು. ಮೊದಲನೆಯದು, ಸಹಿಗೂ ಪಾವತಿಗೂ ನಡುವೆ ಬೆಲೆಯೇ ರೂಪಾಯಿಯಲ್ಲಿ ಏರುವ ಅಪಾಯ. ಇದಕ್ಕೆ ಸಾಮಾನ್ಯ ಫಾರ್ವರ್ಡ್ ಕಾಂಟ್ರಾಕ್ಟ್ (ಮುಂದಿನ ದಿನಾಂಕದ ವಿನಿಮಯ ದರವನ್ನು ಇಂದೇ ಗೊತ್ತುಮಾಡುವ ಕರಾರು) ಮಾಡಿಕೊಂಡರೆ, ಖರೀದಿ ಮುರಿದುಬಿದ್ದಾಗಲೂ ಡಾಲರನ್ನು ಕೊಳ್ಳಲೇಬೇಕಾಗಿ ಬಂದು ಇನ್ನೊಂದು ನಷ್ಟ ತಲೆಗೆ ಸುತ್ತಿಕೊಳ್ಳುತ್ತದೆ. ಖರೀದಿ ಮುಗಿದರೆ ಮಾತ್ರ ಜಾರಿಯಾಗುವ ಫಾರ್ವರ್ಡ್‌ಗಳನ್ನು ದೊಡ್ಡ ಬ್ಯಾಂಕುಗಳು ಕೊಡುತ್ತವೆ. ದರ ಸ್ವಲ್ಪ ದುಬಾರಿ, ಆದರೆ ಅನುಮತಿಗಳು ತಡವಾಗಬಹುದಾದ ವ್ಯವಹಾರದಲ್ಲಿ ಆ ಹೆಚ್ಚುವರಿ ಹಣವನ್ನು ವಿಮೆಯ ಕಂತೆಂದೇ ಭಾವಿಸಬೇಕು. ಎರಡನೆಯ ಅಪಾಯ ದೀರ್ಘಕಾಲದ್ದು: ಸಾಲ ಒಂದು ನಾಣ್ಯದಲ್ಲಿ, ಆದಾಯ ಇನ್ನೊಂದರಲ್ಲಿ. ಭಾರ್ತಿ ಏರ್‌ಟೆಲ್ 2010ರಲ್ಲಿ ಝೈನ್‌ನ 15 ಆಫ್ರಿಕನ್ ದೇಶಗಳ ವಹಿವಾಟನ್ನು ಸಾಲವೂ ಸೇರಿ 1,070 ಕೋಟಿ ಡಾಲರ್ ಮೌಲ್ಯಕ್ಕೆ ಕೊಂಡಿತು. ಲೆಕ್ಕ ಡಾಲರಿನಲ್ಲಿ, ಗ್ರಾಹಕರ ಹಣ ಸ್ಥಳೀಯ ನಾಣ್ಯಗಳಲ್ಲಿ. 2016ರ ಜೂನ್‌ನಲ್ಲಿ ನೈಜೀರಿಯಾ ತನ್ನ ನಾಣ್ಯವಾದ ನೈರಾದ ಸ್ಥಿರ ದರವನ್ನು ಕೈಬಿಟ್ಟಾಗ ಅದು ಒಂದೇ ದಿನದಲ್ಲಿ ಸುಮಾರು ಶೇ 30ರಷ್ಟು ಬಿದ್ದಿತು. ಇಂಥ ಕುಸಿತಕ್ಕೆ ಅಗ್ಗದ ಹೆಡ್ಜಿಂಗ್, ಅಂದರೆ ದರದ ಏರಿಳಿತದಿಂದ ರಕ್ಷಣೆ, ಇಲ್ಲ. ಆದಾಯ ಬರುವ ನಾಣ್ಯದಲ್ಲೇ ಸಾಧ್ಯವಾದಷ್ಟು ಸಾಲ ಎತ್ತುವುದೊಂದೇ ಗಟ್ಟಿಯಾದ ದಾರಿ.

ನಮ್ಮ ನಿಯಮಗಳ ಮಿತಿಯನ್ನೂ ಈ ಹಂತದಲ್ಲೇ ನೋಡಿಕೊಳ್ಳಬೇಕು. 2022ರ ಆಗಸ್ಟ್ 22ರಿಂದ ಜಾರಿಯಲ್ಲಿರುವ ಫೆಮಾ (ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ) ಸಾಗರೋತ್ತರ ಹೂಡಿಕೆ ನಿಯಮಗಳ ಪ್ರಕಾರ ಕಂಪನಿಯ ಒಟ್ಟು ಹಣಕಾಸು ಬದ್ಧತೆ ಅದರ ನಿವ್ವಳ ಮೌಲ್ಯದ ಶೇ 400ನ್ನು ಮೀರುವಂತಿಲ್ಲ. ಒಂದು ಹಣಕಾಸು ವರ್ಷದಲ್ಲಿ 100 ಕೋಟಿ ಡಾಲರ್ ದಾಟಿದರೆ ರಿಸರ್ವ್ ಬ್ಯಾಂಕಿನ ಪೂರ್ವಾನುಮತಿ ಬೇಕು. ವಿದೇಶಿ ಅಂಗಸಂಸ್ಥೆಯ ಸಾಲಕ್ಕೆ ನೀವು ಕೊಡುವ ಖಾತರಿಯೂ ಈ ಮಿತಿಯ ಲೆಕ್ಕಕ್ಕೆ ಬರುತ್ತದೆ ಎಂಬುದು ಹಲವರಿಗೆ ಕೊನೆಗಳಿಗೆಯಲ್ಲಿ ಹೊಳೆಯುತ್ತದೆ. ನಿಮ್ಮ ಖಾತೆ ವಸೂಲಾಗದ ಸಾಲವೆಂದು ವರ್ಗವಾಗಿದ್ದರೆ ಅಥವಾ ತನಿಖಾ ಸಂಸ್ಥೆಯೊಂದರ ವಿಚಾರಣೆ ನಡೆಯುತ್ತಿದ್ದರೆ, ಸಂಬಂಧಪಟ್ಟ ಬ್ಯಾಂಕ್ ಅಥವಾ ಸಂಸ್ಥೆಯಿಂದ ನಿರಾಕ್ಷೇಪಣಾ ಪತ್ರ ಬೇಕು. 60 ದಿನಗಳೊಳಗೆ ಉತ್ತರ ಬರದಿದ್ದರೆ ಆಕ್ಷೇಪಣೆ ಇಲ್ಲವೆಂದೇ ಅರ್ಥ. ಆ 60 ದಿನಗಳನ್ನು ವೇಳಾಪಟ್ಟಿಯಲ್ಲಿ ಸೇರಿಸಿಕೊಳ್ಳಿ.

ಮೂರನೆಯ ಹೆಜ್ಜೆ: ಡ್ಯೂ ಡಿಲಿಜೆನ್ಸ್‌ನಲ್ಲಿ (ಖರೀದಿಪೂರ್ವ ಪರಿಶೀಲನೆಯಲ್ಲಿ) ಕೇಳಬೇಕಾದ ಪ್ರಶ್ನೆಗಳು

ಜಪಾನಿನ ದೈಚಿ ಸ್ಯಾಂಕ್ಯೋ 2008ರ ಜೂನ್‌ನಲ್ಲಿ ರ‍್ಯಾನ್‌ಬ್ಯಾಕ್ಸಿಯ ನಿಯಂತ್ರಣವನ್ನು ಷೇರಿಗೆ 737 ರೂಪಾಯಿಯಂತೆ, ಸುಮಾರು 460 ಕೋಟಿ ಡಾಲರ್ ಲೆಕ್ಕದಲ್ಲಿ ಕೊಳ್ಳಲು ಒಪ್ಪಿತು. ಮೂರು ತಿಂಗಳಲ್ಲಿ, ಸೆಪ್ಟೆಂಬರ್‌ನಲ್ಲಿ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ದೇವಾಸ್ ಮತ್ತು ಪಾವೊಂಟಾ ಸಾಹಿಬ್ ಘಟಕಗಳ 30ಕ್ಕೂ ಹೆಚ್ಚು ಔಷಧಗಳ ಆಮದನ್ನು ತಡೆಹಿಡಿಯಿತು. ಅಮೆರಿಕದ ತನಿಖೆಯ ಗಂಭೀರತೆಯನ್ನು ತನ್ನಿಂದ ಮುಚ್ಚಿಡಲಾಯಿತೆಂದು ದೈಚಿ ಸಿಂಗಪುರದಲ್ಲಿ ಮಾಜಿ ಪ್ರವರ್ತಕರ ವಿರುದ್ಧ ಮಧ್ಯಸ್ಥಿಕೆ ಹೂಡಿತು; 2016ರಲ್ಲಿ ತೀರ್ಪು ಅದರ ಪರವಾಯಿತು, 2018ರ ಜನವರಿಯಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಷ್ಟರಲ್ಲಿ ರ‍್ಯಾನ್‌ಬ್ಯಾಕ್ಸಿ ಸನ್ ಫಾರ್ಮಾದ ಕೈಸೇರಿ ಆಗಿತ್ತು. ಗೆದ್ದರೂ ಹತ್ತು ವರ್ಷ ಎಂಬುದು ಇಲ್ಲಿಯ ಲೆಕ್ಕ. ಆದ್ದರಿಂದ ಮಾರಾಟಗಾರ ವ್ಯಕ್ತಿಯೋ ಕುಟುಂಬವೋ ಆಗಿದ್ದಾಗ ಬರೀ ಭರವಸೆಯ ಮಾತಿಗೆ ಒಪ್ಪದೆ ಬೆಲೆಯ ಒಂದಂಶವನ್ನು ಎರಡು-ಮೂರು ವರ್ಷ ಮೂರನೆಯವರ ಸುಪರ್ದಿಯಲ್ಲಿರುವ ಎಸ್ಕ್ರೊ ಖಾತೆಯಲ್ಲಿ ಇರಿಸಿಕೊಳ್ಳಬೇಕು.

ಅನಿಶ್ಚಿತ ಕಾಲದಲ್ಲಿ ವಾರ್ಷಿಕ ಲೆಕ್ಕಪತ್ರ ಅಷ್ಟೇನೂ ಹೇಳುವುದಿಲ್ಲ. ಕಳೆದ 24 ತಿಂಗಳ ತಿಂಗಳುವಾರು ಮಾರಾಟ, ಬಾಕಿ ವಸೂಲಿ, ದಾಸ್ತಾನು, ಆರ್ಡರು ಪುಸ್ತಕ ಇವುಗಳನ್ನು ಕೇಳಿ. ಮಾರಾಟ ಚೆನ್ನಾಗಿದ್ದು ವಸೂಲಿಯ ದಿನಗಳು 45ರಿಂದ 80ಕ್ಕೆ ಏರಿದ್ದರೆ, ವರ್ಷಾಂತ್ಯದ ಅಂಕಿಗಾಗಿ ಸರಕನ್ನು ವಿತರಕರ ಗೋದಾಮಿಗೆ ತಳ್ಳಿದ್ದಾರೆಂಬ ಸಂಶಯ ಸಹಜ. ಮಾಲೀಕತ್ವ ಬದಲಾದರೆ ಕರಾರನ್ನು ರದ್ದುಪಡಿಸುವ ಹಕ್ಕು ಯಾವ ಗ್ರಾಹಕರಿಗಿದೆ, ಯಾವ ಸಾಲ ಅಂದೇ ಮರುಪಾವತಿಗೆ ಬೀಳುತ್ತದೆ ಎಂಬ ಪಟ್ಟಿಯೂ ಬೇಕು. ಬ್ರಿಟನ್, ಜರ್ಮನಿಯಂಥ ದೇಶಗಳಲ್ಲಿ ಪಿಂಚಣಿ ಬಾಧ್ಯತೆಯನ್ನು ಪ್ರತ್ಯೇಕ ಗಣಿತಜ್ಞರಿಂದ ಲೆಕ್ಕ ಹಾಕಿಸಬೇಕು. ನಮ್ಮಲ್ಲಿ ಗ್ರಾಚ್ಯುಟಿಯ ಲೆಕ್ಕಕ್ಕೆ ಒಗ್ಗಿಕೊಂಡ ಕಣ್ಣಿಗೆ ಆ ಮೊತ್ತಗಳು ಮೊದಲು ನಂಬಲಾಗುವುದಿಲ್ಲ.

ನ್ಯಾಯಾಲಯಗಳಲ್ಲಿ ಬಾಕಿ ಇರುವ ದಾವೆಗಳನ್ನು ‘ಸಾಧಾರಣ ವ್ಯವಹಾರದ ಭಾಗ’ ಎಂದು ತಳ್ಳಿಹಾಕುವ ವರದಿಗಳನ್ನು ನಂಬಬೇಡಿ. ಜರ್ಮನಿಯ ಬಾಯರ್ ಸುಮಾರು 6,300 ಕೋಟಿ ಡಾಲರ್‌ಗೆ ಮೊನ್ಸಾಂಟೊವನ್ನು ಕೊಂಡು ಮುಗಿಸಿದ್ದು 2018ರ ಜೂನ್ 7ರಂದು. ಆಗಸ್ಟ್‌ನಲ್ಲೇ ಕ್ಯಾಲಿಫೋರ್ನಿಯಾದ ಜ್ಯೂರಿಯೊಂದು ಕಳೆನಾಶಕ ರೌಂಡಪ್‌ಗೆ ಸಂಬಂಧಿಸಿದ ಮೊದಲ ಪ್ರಕರಣದಲ್ಲಿ 28.9 ಕೋಟಿ ಡಾಲರ್ ಪರಿಹಾರ ಘೋಷಿಸಿತು. ಮೇಲ್ಮನವಿಯಲ್ಲಿ ಆ ಮೊತ್ತ ಬಹಳ ಇಳಿಯಿತಾದರೂ, 2020ರಲ್ಲಿ ಬಾಯರ್ ಇತ್ಯರ್ಥಕ್ಕಾಗಿ 1,000 ಕೋಟಿ ಡಾಲರ್‌ಗೂ ಹೆಚ್ಚು ಹಣ ತೆಗೆದಿರಿಸಬೇಕಾಯಿತು. ದಾವೆಗಳಿರುವುದು ಗುಟ್ಟಾಗಿರಲಿಲ್ಲ, ಅವುಗಳ ತೂಕವನ್ನು ಅಂದಾಜಿಸುವಲ್ಲಿ ತಪ್ಪಾಯಿತು.

ನಾಲ್ಕನೆಯ ಹೆಜ್ಜೆ: ಅನುಮತಿಗಳ ನಕ್ಷೆ

ದೊಡ್ಡ ಹಾಳೆಯೊಂದರಲ್ಲಿ ಕೊಳ್ಳುವ ಕಂಪನಿ ಮತ್ತು ಮಾರಾಟವಾಗುವ ಕಂಪನಿ ಸರಕು ಮಾರುವ ಪ್ರತಿಯೊಂದು ದೇಶಕ್ಕೂ ಒಂದು ಸಾಲು ಬರೆದು, ಸ್ಪರ್ಧಾ ಪ್ರಾಧಿಕಾರ, ವಿದೇಶಿ ಹೂಡಿಕೆ ಪರಿಶೀಲನೆ, ವಲಯ ನಿಯಂತ್ರಕ, ತೆರಿಗೆ ಎಂದು ನಾಲ್ಕು ಕಂಬಗಳನ್ನು ಎಳೆಯಿರಿ. ಪ್ರತಿ ಚೌಕದಲ್ಲಿ ಅನುಮತಿ ಬೇಕೇ, ಎಷ್ಟು ದಿನ, ನಿರಾಕರಿಸಿದರೆ ಏನು ಎಂಬುದನ್ನು ತುಂಬಿ. ಬೇಸರದ ಕೆಲಸ, ಆದರೆ ಖಾಲಿ ಉಳಿದ ಚೌಕವೇ ಮುಂದೆ ಕಾಲಿಗೆ ತೊಡಕುತ್ತದೆ.

ಬೇರೊಂದು ದೇಶದ ಕಾನೂನು ಹೇಗೆ ನಡುವೆ ಬರುತ್ತದೆ ಎಂಬುದಕ್ಕೆ ಬೆಂಗಳೂರಿನದೇ ಉದಾಹರಣೆಯಿದೆ. ಯುನೈಟೆಡ್ ಸ್ಪಿರಿಟ್ಸ್ 2007ರ ಮೇ ತಿಂಗಳಲ್ಲಿ ಸ್ಕಾಟ್ಲೆಂಡಿನ ವೈಟ್ ಅಂಡ್ ಮೆಕೇ ವಿಸ್ಕಿ ಕಂಪನಿಯನ್ನು 59.5 ಕೋಟಿ ಪೌಂಡಿಗೆ ಕೊಂಡಿತು. 2012ರ ನವೆಂಬರ್‌ನಲ್ಲಿ ಬ್ರಿಟನ್ನಿನ ಡಿಯಾಜಿಯೊ ಯುನೈಟೆಡ್ ಸ್ಪಿರಿಟ್ಸ್‌ನ ನಿಯಂತ್ರಣ ಪಡೆಯುವ ಒಪ್ಪಂದ ಮಾಡಿಕೊಂಡಿತು. ಭಾರತದ ಕಂಪನಿಯೊಂದರ ಈ ಖರೀದಿಯಿಂದ ಬ್ರಿಟನ್ನಿನ ಅಂಗಡಿಗಳಲ್ಲಿ ಸ್ಕಾಚ್‌ನ ಪೈಪೋಟಿ ಕುಗ್ಗುತ್ತದೆಂದು ಅಲ್ಲಿಯ ಸ್ಪರ್ಧಾ ಪ್ರಾಧಿಕಾರ ಆಕ್ಷೇಪಿಸಿತು. ಪರಿಣಾಮವಾಗಿ ವೈಟ್ ಅಂಡ್ ಮೆಕೇ 2014ರಲ್ಲಿ ಫಿಲಿಪ್ಪೀನ್ಸ್‌ನ ಎಂಪೆರಡಾರ್‌ಗೆ 43 ಕೋಟಿ ಪೌಂಡಿಗೆ ಹೋಯಿತು. ಮಾರಲೇಬೇಕೆಂದು ಊರಿಗೆಲ್ಲ ಗೊತ್ತಿರುವಾಗ ಒಳ್ಳೆಯ ಬೆಲೆ ಹುಟ್ಟುವುದು ಕಷ್ಟ.

ಹಿಂಡಾಲ್ಕೊದ ಅಂಗಸಂಸ್ಥೆ ನೊವೆಲಿಸ್ 2018ರ ಜುಲೈಯಲ್ಲಿ ಅಮೆರಿಕದ ಅಲ್ಯೂಮಿನಿಯಂ ಕಂಪನಿ ಅಲೆರಿಸ್‌ನ ಖರೀದಿಯನ್ನು ಪ್ರಕಟಿಸಿತು. ಯುರೋಪಿನ ಅನುಮತಿಗಾಗಿ ಬೆಲ್ಜಿಯಂನ ಡಫೆಲ್ ಘಟಕವನ್ನೂ, ಅಮೆರಿಕದಲ್ಲಿ ನ್ಯಾಯ ಇಲಾಖೆಯೊಡನೆ ನಡೆದ ಮಧ್ಯಸ್ಥಿಕೆಯಲ್ಲಿ ಸೋತು ಕೆಂಟಕಿಯ ಲೂಯಿಸ್‌ಪೋರ್ಟ್ ಘಟಕವನ್ನೂ ಬಿಟ್ಟುಕೊಡಬೇಕಾಯಿತು. ಹಸ್ತಾಂತರ ಆದದ್ದು 2020ರ ಏಪ್ರಿಲ್ 14ರಂದು, ಜಗತ್ತಿನ ಅರ್ಧಭಾಗ ಲಾಕ್‌ಡೌನ್‌ನಲ್ಲಿದ್ದಾಗ. 21 ತಿಂಗಳ ಹಿಂದೆ ನಿಗದಿಯಾದ ಬೆಲೆಯ ಆಧಾರದ ಮೇಲೆ ಸುಮಾರು 280 ಕೋಟಿ ಡಾಲರ್ ತೆರುವಾಗ ಕಾರು ಮತ್ತು ವಿಮಾನ ಕಾರ್ಖಾನೆಗಳು ನಿಂತುಹೋಗಿದ್ದವು.

ರಾಷ್ಟ್ರೀಯ ಭದ್ರತೆಯ ಹೆಸರಿನ ಪರಿಶೀಲನೆ ಈಗ ರಕ್ಷಣಾ ಕಂಪನಿಗಳಿಗಷ್ಟೇ ಸೀಮಿತವಲ್ಲ. ಜಪಾನಿನ ನಿಪ್ಪಾನ್ ಸ್ಟೀಲ್ 2023ರ ಡಿಸೆಂಬರ್‌ನಲ್ಲಿ ಯುಎಸ್ ಸ್ಟೀಲ್‌ಗೆ ಷೇರಿಗೆ 55 ಡಾಲರ್ ಕೊಡಲು ಒಪ್ಪಿದಾಗ ಮಿತ್ರರಾಷ್ಟ್ರವೆಂಬ ನಂಬಿಕೆಯಿತ್ತು. 2025ರ ಜನವರಿಯಲ್ಲಿ ಅಧ್ಯಕ್ಷ ಬೈಡನ್ ತಡೆದರು. ಜೂನ್‌ನಲ್ಲಿ ಅಧ್ಯಕ್ಷ ಟ್ರಂಪ್, ಅಮೆರಿಕ ಸರ್ಕಾರಕ್ಕೆ ವಿಶೇಷ ಅಧಿಕಾರದ ‘ಗೋಲ್ಡನ್ ಷೇರು’ ಕೊಡುವ ಷರತ್ತಿನ ಮೇಲೆ ಒಪ್ಪಿದರು. ಬ್ರಿಟನ್ನಿನಲ್ಲಿ 2022ರ ಜನವರಿ 4ರಿಂದ 17 ಸೂಕ್ಷ್ಮ ವಲಯಗಳಲ್ಲಿ ಪೂರ್ವ ಅಧಿಸೂಚನೆ ಕಡ್ಡಾಯ. ಯುರೋಪಿಯನ್ ಒಕ್ಕೂಟದಲ್ಲಿ 50 ಕೋಟಿ ಯುರೋಗಿಂತ ಕಡಿಮೆಯಿಲ್ಲದ ವಹಿವಾಟಿರುವ ಕಂಪನಿಯನ್ನು ಕೊಳ್ಳುವವರು, ಮೂರು ವರ್ಷಗಳಲ್ಲಿ ಹೊರಗಿನ ಸರ್ಕಾರಗಳಿಂದ ಬಂದ ಹಣಕಾಸು ನೆರವು ಉಭಯ ಕಂಪನಿಗಳಿಗೆ ಸೇರಿ 5 ಕೋಟಿ ಯುರೋ ದಾಟಿದ್ದರೆ, 2023ರ ಅಕ್ಟೋಬರ್ 12ರಿಂದ ಅದನ್ನೂ ತಿಳಿಸಬೇಕು. ಉತ್ಪಾದನಾ ಪ್ರೋತ್ಸಾಹಧನ, ತೆರಿಗೆ ರಿಯಾಯಿತಿ ಇವೆಲ್ಲ ಆ ನೆರವಿನ ವ್ಯಾಖ್ಯೆಯೊಳಗೆ ಬರಬಹುದಾದ್ದರಿಂದ, ಕೇಂದ್ರ ಮತ್ತು ರಾಜ್ಯ ಸರ್ಕಾರಗಳಿಂದ ಪಡೆದದ್ದರ ಲೆಕ್ಕವನ್ನು ಈಗಲೇ ಒಂದೆಡೆ ಸೇರಿಸಿಡುವುದು ಜಾಣತನ.

ಭಾರತದ ಸ್ಪರ್ಧಾ ಆಯೋಗವನ್ನು ಮರೆಯಬಾರದು. 2024ರ ಸೆಪ್ಟೆಂಬರ್ 10ರಿಂದ ವ್ಯವಹಾರದ ಮೌಲ್ಯ 2,000 ಕೋಟಿ ರೂಪಾಯಿ ಮೀರಿದ್ದು, ಕೊಳ್ಳಲಾಗುವ ಕಂಪನಿಗೆ ಭಾರತದಲ್ಲಿ ಗಣನೀಯ ವಹಿವಾಟಿದ್ದರೆ, ಅದು ವಿದೇಶದ್ದೇ ಆಗಿದ್ದರೂ ಇಲ್ಲಿ ಅನುಮತಿ ಬೇಕು. ತೆರಿಗೆಯ ಮಟ್ಟಿಗೆ, ವಿದೇಶಿ ಕಂಪನಿಯ ಮೌಲ್ಯದಲ್ಲಿ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಭಾರತದ ಆಸ್ತಿಯಿಂದ ಬರುತ್ತಿದ್ದರೆ ವಿದೇಶದಲ್ಲಿ ನಡೆದ ಷೇರು ಮಾರಾಟಕ್ಕೂ ಇಲ್ಲಿ ತೆರಿಗೆ ಬೀಳಬಹುದು. ವೊಡಾಫೋನ್ 2007ರಲ್ಲಿ ಹಚಿಸನ್‌ನಿಂದ ಕೊಂಡ ಷೇರುಗಳ ತೆರಿಗೆ ವಿವಾದ ಸುಪ್ರೀಂ ಕೋರ್ಟಿನ 2012ರ ತೀರ್ಪು, ಅದೇ ವರ್ಷದ ಪೂರ್ವಾನ್ವಯ ತಿದ್ದುಪಡಿ, 2020ರ ಹೇಗ್ ಮಧ್ಯಸ್ಥಿಕೆ ಎಲ್ಲವನ್ನೂ ದಾಟಿ, 2021ರ ಕಾಯ್ದೆಯಿಂದಷ್ಟೇ ಮುಗಿಯುವ ಹಂತಕ್ಕೆ ಬಂತು.

ಐದನೆಯ ಹೆಜ್ಜೆ: ಒಪ್ಪಂದದ ಭಾಷೆ

ಇಲ್ಲಿ ಆತುರ ಸಲ್ಲದು. ಬೆಲೆಯ ಚೌಕಾಸಿಗೆ ಮೂರು ವಾರ ಕೊಟ್ಟು ಷರತ್ತುಗಳ ಚೌಕಾಸಿಯನ್ನು ಕಿರಿಯ ವಕೀಲರಿಗೆ ಬಿಡುವ ಅಭ್ಯಾಸ ನಮ್ಮಲ್ಲಿ ಸಾಮಾನ್ಯ. ಅನಿಶ್ಚಿತ ಕಾಲದಲ್ಲಿ ಅದು ತಿರುಗುಮುರುಗಾಗಬೇಕು.

ಮೊದಲು, ಬೆಲೆಯನ್ನು ಯಾವ ದಿನದ ಲೆಕ್ಕಪತ್ರದ ಮೇಲೆ ಕಟ್ಟುತ್ತೀರಿ ಎಂಬುದು. ‘ಲಾಕ್ಡ್ ಬಾಕ್ಸ್’ ಪದ್ಧತಿಯಲ್ಲಿ ಹಿಂದಿನ ಒಂದು ದಿನಾಂಕದ ಲೆಕ್ಕಕ್ಕೆ ಬೆಲೆ ಗಟ್ಟಿಯಾಗುತ್ತದೆ; ಅಂದಿನಿಂದ ಆಗುವ ಲಾಭವೂ ನಷ್ಟವೂ ಕೊಳ್ಳುವವನದು. ಇನ್ನೊಂದು ಪದ್ಧತಿಯಲ್ಲಿ ಹಸ್ತಾಂತರದ ದಿನದ ನಗದು, ಸಾಲ ಮತ್ತು ದುಡಿಯುವ ಬಂಡವಾಳವನ್ನು ಎಣಿಸಿ ಬೆಲೆಯನ್ನು ಸರಿಹೊಂದಿಸಲಾಗುತ್ತದೆ. ಎರಡನೆಯದರಲ್ಲಿ ಜಗಳ ಹೆಚ್ಚು. ಆದರೂ ಮುಂದಿನ ಆರು ತಿಂಗಳು ಹೇಗಿರುತ್ತವೆಂದು ಯಾರಿಗೂ ತಿಳಿಯದಿರುವಾಗ ಕೊಳ್ಳುವವರು ಈ ಜಗಳವನ್ನೇ ಆರಿಸಿಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ.

ಎರಡನೆಯದು, ಗಂಭೀರ ಪ್ರತಿಕೂಲ ಬದಲಾವಣೆಯ ಷರತ್ತು. ಕಂಪನಿಯ ಸ್ಥಿತಿ ತೀವ್ರವಾಗಿ ಹದಗೆಟ್ಟರೆ ಕೊಳ್ಳುವವನು ಹಿಂದೆ ಸರಿಯಬಹುದು ಎನ್ನುವ ಈ ಷರತ್ತನ್ನು ರಕ್ಷಾಕವಚವೆಂದು ನಂಬಿದವರು ಅನೇಕರು. ಅಮೆರಿಕದ ಬಹುತೇಕ ಇಂಥ ವ್ಯಾಜ್ಯಗಳು ಬರುವ ಡೆಲಾವೇರ್ ನ್ಯಾಯಾಲಯ, ಈ ಷರತ್ತಿನ ಆಧಾರದ ಮೇಲೆ ಕೊಳ್ಳುವವರನ್ನು ಮೊದಲ ಬಾರಿಗೆ ಬಿಡುಗಡೆ ಮಾಡಿದ್ದು 2018ರ ಅಕ್ಟೋಬರ್‌ನಲ್ಲಿ, ಜರ್ಮನಿಯ ಫ್ರೆಸೀನಿಯಸ್ ಅಮೆರಿಕದ ಔಷಧ ಕಂಪನಿ ಆಕಾರ್ನ್‌ನ ಖರೀದಿಯಿಂದ ಹಿಂದೆ ಸರಿದ ಪ್ರಕರಣದಲ್ಲಿ. ಅಲ್ಲಿ ಕುಸಿತ ಆಳವಾಗಿತ್ತು, ವರ್ಷದುದ್ದಕ್ಕೂ ಮುಂದುವರಿದಿತ್ತು, ಆಕಾರ್ನ್‌ಗೆ ಸೀಮಿತವಾಗಿತ್ತು. ಇಡೀ ಮಾರುಕಟ್ಟೆಯೇ ಬಿದ್ದಾಗ ಈ ಷರತ್ತು ಸಾಮಾನ್ಯವಾಗಿ ಕೆಲಸಕ್ಕೆ ಬಾರದು, ಏಕೆಂದರೆ ಆರ್ಥಿಕ ಹಿಂಜರಿತ, ಯುದ್ಧ, ಕಾನೂನಿನ ಬದಲಾವಣೆ ಇವುಗಳನ್ನು ಮಾರಾಟಗಾರರ ವಕೀಲರು ಅಪವಾದಗಳ ಪಟ್ಟಿಗೆ ಸೇರಿಸಿರುತ್ತಾರೆ.

ಇದರ ಪಕ್ಕದಲ್ಲಿ ಸದ್ದಿಲ್ಲದೆ ಕೂತಿರುವ ಇನ್ನೊಂದು ಷರತ್ತು ಎಷ್ಟೋ ಬಾರಿ ಹೆಚ್ಚು ಬಲಶಾಲಿ. ಚೀನಾದ ಆನ್‌ಬಾಂಗ್ ಸಮೂಹವು ಅಮೆರಿಕದ 15 ಐಷಾರಾಮಿ ಹೋಟೆಲುಗಳನ್ನು 580 ಕೋಟಿ ಡಾಲರ್‌ಗೆ ದಕ್ಷಿಣ ಕೊರಿಯಾದ ಮಿರೇ ಸಮೂಹಕ್ಕೆ ಮಾರಲು 2019ರ ಸೆಪ್ಟೆಂಬರ್‌ನಲ್ಲಿ ಒಪ್ಪಿತ್ತು. ಕೋವಿಡ್ ಬಂತು, ಎರಡು ಹೋಟೆಲು ಮುಚ್ಚಿ, ಉಳಿದವನ್ನು ಅರೆಬರೆ ನಡೆಸಲಾಯಿತು. ಮಹಾಮಾರಿ ‘ವಿಪತ್ತು’ ಎಂಬ ಅಪವಾದದೊಳಗೆ ಬರುವುದರಿಂದ ಪ್ರತಿಕೂಲ ಬದಲಾವಣೆಯ ಷರತ್ತು ಅನ್ವಯಿಸದು ಎಂದಿತು ನ್ಯಾಯಾಲಯ. ಆದರೆ ಹಸ್ತಾಂತರದವರೆಗೆ ವಹಿವಾಟನ್ನು ‘ಹಿಂದಿನ ರೂಢಿಯಂತೆ’ ನಡೆಸಬೇಕೆಂಬ ಷರತ್ತು ಮುರಿದಿದೆ, ಮಿರೇಯ ಒಪ್ಪಿಗೆ ಪಡೆಯದೆ ರೂಢಿ ಬಿಟ್ಟದ್ದು ತಪ್ಪು ಎಂದು 2020ರ ನವೆಂಬರ್ 30ರಂದು ತೀರ್ಪಿತ್ತಿತು. ಸುಮಾರು 58 ಕೋಟಿ ಡಾಲರ್ ಠೇವಣಿ ಮಿರೇಗೆ ಮರಳಿತು. ಕೊಳ್ಳುವವರು ಈ ಷರತ್ತಿನಲ್ಲಿ ‘ಹಿಂದಿನ ರೂಢಿಯಂತೆ’ ಎಂಬ ಮಾತನ್ನು ಬಿಟ್ಟುಕೊಡಬಾರದು. ಮಾರುವವರು ತುರ್ತು ಸಂದರ್ಭಕ್ಕೆ ವಿನಾಯಿತಿ ಬರೆಸಿಕೊಳ್ಳದೆ ಸಹಿ ಹಾಕಬಾರದು.

ಷರತ್ತಿನ ಬಲ ಅನುಮಾನದಲ್ಲಿದ್ದಾಗಲೂ ಅದು ಚೌಕಾಸಿಗೆ ಒದಗುತ್ತದೆ. ಫ್ರಾನ್ಸಿನ ಎಲ್‌ವಿಎಂಎಚ್ 2019ರ ನವೆಂಬರ್‌ನಲ್ಲಿ ಅಮೆರಿಕದ ಆಭರಣ ಕಂಪನಿ ಟಿಫನಿಗೆ ಷೇರಿಗೆ 135 ಡಾಲರ್ ಒಪ್ಪಿ, 2020ರ ಸೆಪ್ಟೆಂಬರ್‌ನಲ್ಲಿ ಹಿಂದೆ ಸರಿಯುವ ಮಾತಾಡಿತು. ಫ್ರಾನ್ಸಿನ ವಿದೇಶಾಂಗ ಸಚಿವಾಲಯದ ಪತ್ರವನ್ನೂ ಕಾರಣವಾಗಿ ಮುಂದಿಟ್ಟಿತು. ಟಿಫನಿ ಮೊಕದ್ದಮೆ ಹೂಡಿತು. ಕೊನೆಗೆ 131.50 ಡಾಲರ್‌ಗೆ ರಾಜಿಯಾಯಿತು. ಒಟ್ಟು ಉಳಿತಾಯ 40 ಕೋಟಿ ಡಾಲರ್‌ಗಿಂತ ತುಸು ಹೆಚ್ಚು. 1,600 ಕೋಟಿಯ ವ್ಯವಹಾರದಲ್ಲಿ ಶೇ 3ನ್ನೂ ಮುಟ್ಟದ ಈ ರಿಯಾಯಿತಿಗಾಗಿ ತೆತ್ತ ವಕೀಲರ ಶುಲ್ಕ ಮತ್ತು ಕಹಿಯನ್ನು ಯಾರೂ ಲೆಕ್ಕಪತ್ರದಲ್ಲಿ ತೋರಿಸಿಲ್ಲ.

ಉಳಿದವನ್ನು ಚುಟುಕಾಗಿ ಹೇಳುವುದಾದರೆ, ಅನುಮತಿಗಳಿಗೆ ಕೊನೆಯ ಗಡುವನ್ನು ನಕ್ಷೆಯ ಅತಿ ನಿಧಾನದ ಚೌಕವನ್ನು ನೋಡಿ ನಿಗದಿಪಡಿಸಿ, ಒಂದು ಬಾರಿ ವಿಸ್ತರಿಸುವ ಹಕ್ಕನ್ನು ಇಟ್ಟುಕೊಳ್ಳಿ. ಅನುಮತಿ ಸಿಗದಿದ್ದರೆ ಕೊಳ್ಳುವವನು ತೆರಬೇಕಾದ ಪರಿಹಾರ ಈಗ ದೊಡ್ಡ ಮೊತ್ತ. ನಿಪ್ಪಾನ್ ಸ್ಟೀಲ್ 56.5 ಕೋಟಿ ಡಾಲರ್‌ಗೆ ಒಪ್ಪಿತ್ತು. ವ್ಯಾಜ್ಯ ಪರಿಹಾರಕ್ಕೆ ಸಿಂಗಪುರ ಅಥವಾ ಲಂಡನ್ನಿನ ಮಧ್ಯಸ್ಥಿಕೆ ಬರೆಸಿಕೊಂಡರೆ, 1958ರ ನ್ಯೂಯಾರ್ಕ್ ಒಡಂಬಡಿಕೆಯ ಮೂಲಕ ತೀರ್ಪನ್ನು ಹಲವು ದೇಶಗಳಲ್ಲಿ ಜಾರಿಗೊಳಿಸಬಹುದು.

ಆರನೆಯ ಹೆಜ್ಜೆ: ಕಾಯುವ ತಿಂಗಳುಗಳಲ್ಲಿ

ಸಹಿಯಾದೊಡನೆ ‘ಇನ್ನು ನಮ್ಮದೇ’ ಎಂಬ ಭಾವ ಹುಟ್ಟುವುದು ಸಹಜ, ಆದರೆ ಕಾನೂನು ಅದನ್ನು ಒಪ್ಪುವುದಿಲ್ಲ. ಅನುಮತಿಗೆ ಮೊದಲೇ ಪೋರ್ಚುಗಲ್‌ನ ಪಿಟಿ ಕಂಪನಿಯ ವಾಣಿಜ್ಯ ನಿರ್ಧಾರಗಳಲ್ಲಿ ಕೈಯಾಡಿಸಿದ್ದಕ್ಕಾಗಿ ಯುರೋಪಿಯನ್ ಆಯೋಗ 2018ರಲ್ಲಿ ದೂರಸಂಪರ್ಕ ಕಂಪನಿ ಆಲ್ಟಿಸ್‌ಗೆ 12.45 ಕೋಟಿ ಯುರೋ ದಂಡ ಹಾಕಿತು; ಮುಂದೆ ನ್ಯಾಯಾಲಯ ಅದನ್ನು ಸ್ವಲ್ಪವಷ್ಟೇ ತಗ್ಗಿಸಿತು. ಬೆಲೆ, ಗ್ರಾಹಕರ ಪಟ್ಟಿ, ಟೆಂಡರುಗಳಂಥ ಸೂಕ್ಷ್ಮ ಮಾಹಿತಿಯನ್ನು ನಿಮ್ಮ ಮಾರಾಟ ವಿಭಾಗದವರು ಇಲ್ಲದ ಪ್ರತ್ಯೇಕ ತಂಡ ಮಾತ್ರ ನೋಡಬೇಕು. ವಾರಕ್ಕೊಮ್ಮೆ ಒಂದೇ ಪುಟದ ವರದಿ ತರಿಸಿಕೊಳ್ಳಿ: ನಗದು, ಆರ್ಡರು, ಬಿಟ್ಟುಹೋದ ಪ್ರಮುಖ ನೌಕರರು, ಬಾಕಿ ಅನುಮತಿಗಳು, ವಿನಿಮಯ ದರ.

ನೌಕರರ ವಿಚಾರದಲ್ಲಿ ಅಲ್ಲಿಯ ಪದ್ಧತಿ ನಮಗಿಂತ ಬೇರೆ. ಫ್ರಾನ್ಸಿನಲ್ಲಿ ನೌಕರ ಸಮಿತಿಯ ಅಭಿಪ್ರಾಯ ಕೇಳುವ ಮೊದಲು ಮಾರಾಟಗಾರ ಅಂತಿಮ ಒಪ್ಪಂದಕ್ಕೆ ಸಹಿ ಹಾಕುವಂತಿಲ್ಲವಾದ್ದರಿಂದ, ಕೊಳ್ಳುವವನು ಮಾತ್ರ ಬದ್ಧನಾಗುವ ಪತ್ರವೊಂದು ಮೊದಲು ತಯಾರಾಗುತ್ತದೆ. ಇನ್ನು ಭರವಸೆಗಳ ಮಾತು. ಅಮೆರಿಕದ ಕ್ರಾಫ್ಟ್ 2010ರಲ್ಲಿ ಕ್ಯಾಡ್ಬರಿಯನ್ನು ಕೊಳ್ಳುವಾಗ ಬ್ರಿಸ್ಟಲ್ ಬಳಿಯ ಸಾಮರ್‌ಡೇಲ್ ಕಾರ್ಖಾನೆಯನ್ನು ಉಳಿಸುವುದಾಗಿ ಹೇಳಿ, ಕಂಪನಿ ಕೈಸೇರಿದ ಕೆಲವೇ ದಿನಗಳಲ್ಲಿ ಮುಚ್ಚುವುದಾಗಿ ಪ್ರಕಟಿಸಿತು. ಬ್ರಿಟನ್ನಿನ ಟೇಕೋವರ್ ಪ್ಯಾನೆಲ್ ಬಹಿರಂಗವಾಗಿ ಖಂಡಿಸಿತು, ಮರುವರ್ಷ ಸ್ವಾಧೀನದ ನಿಯಮಗಳೇ ಬಿಗಿಯಾದವು. ಒಳಗಿನ ಲೆಕ್ಕ ನೋಡದೆ ಕಾರ್ಖಾನೆಯ ಬಗ್ಗೆ ಮಾತು ಕೊಡಬೇಡಿ.

ಏಳನೆಯ ಹೆಜ್ಜೆ: ಕೈಸೇರಿದ ಮೇಲೆ

ಮೊದಲ ದಿನವೇ ಎಲ್ಲವನ್ನೂ ಬದಲಿಸುವ ಹಂಬಲವನ್ನು ತಡೆಯಬೇಕು. ಹಳೆಯ ಮಾಲೀಕ ಒಂದೆರಡು ವರ್ಷ ಐಟಿ, ವಿತರಣೆ, ಬಿಲ್ಲಿಂಗ್ ನೋಡಿಕೊಳ್ಳುವ ಸೇವಾ ಒಪ್ಪಂದವನ್ನು ಖರೀದಿಯ ಜೊತೆಗೇ ಮಾಡಿಕೊಳ್ಳಿ. ಬಯೋಕಾನ್ ಬಯಾಲಜಿಕ್ಸ್ ಹಾಗೆಯೇ ಮಾಡಿ, 2023ರಲ್ಲಿ ಮೊದಲು 70ಕ್ಕೂ ಹೆಚ್ಚು ಉದಯೋನ್ಮುಖ ಮಾರುಕಟ್ಟೆಗಳು, ಆಮೇಲೆ ಉತ್ತರ ಅಮೆರಿಕ, ಕೊನೆಗೆ ಯುರೋಪು ಎಂದು ಹಂತಹಂತವಾಗಿ ವಹಿವಾಟನ್ನು ಕೈಗೆ ತೆಗೆದುಕೊಂಡಿತು. ಮೊದಲ ದಿನದಿಂದಲೇ ಬದಲಾಗಬೇಕಾದದ್ದು ಒಂದೇ: ಬ್ಯಾಂಕ್ ಖಾತೆಗಳಿಂದ ಹಣ ಹೊರಹೋಗಲು ಯಾರ ಸಹಿ ಬೇಕು ಎಂಬುದು.

ರಿಸರ್ವ್ ಬ್ಯಾಂಕಿಗೆ ಅಧಿಕೃತ ಡೀಲರ್ ಬ್ಯಾಂಕಿನ ಮೂಲಕ ಪ್ರತಿವರ್ಷ ಡಿಸೆಂಬರ್ 31ರೊಳಗೆ ವಿದೇಶಿ ಕಂಪನಿಯ ವಾರ್ಷಿಕ ಕಾರ್ಯನಿರ್ವಹಣಾ ವರದಿ ಸಲ್ಲಬೇಕು. ತಡವಾದರೆ ಹೊಸ ಹಣ ಕಳಿಸುವುದಕ್ಕೂ ತಡೆ ಬೀಳುತ್ತದೆ. ಖರೀದಿ ಬೆಲೆಯಲ್ಲಿ ಆಸ್ತಿಗಿಂತ ಹೆಚ್ಚಾಗಿ ಕೊಟ್ಟ ಭಾಗ, ಅಂದರೆ ಗುಡ್‌ವಿಲ್, ಇನ್ನೂ ಆ ಮೌಲ್ಯಕ್ಕೆ ತಾಳುತ್ತದೆಯೇ ಎಂದು ಲೆಕ್ಕಪರಿಶೋಧಕರು ವರ್ಷಕ್ಕೊಮ್ಮೆ ಪರೀಕ್ಷಿಸುತ್ತಾರೆ. ಟಾಟಾ ಸ್ಟೀಲ್ 2013ರ ಮೇ ತಿಂಗಳಲ್ಲಿ, ಕೋರಸ್ ಕೊಂಡ ಆರು ವರ್ಷಗಳ ಬಳಿಕ, ಸುಮಾರು 160 ಕೋಟಿ ಡಾಲರ್ ಗುಡ್‌ವಿಲ್ ಕಡಿತ ಪ್ರಕಟಿಸಿತು. ಆ ವಾರ್ಷಿಕ ಪರೀಕ್ಷೆಯ ಕಡತಕ್ಕೆ ಮೊದಲ ಹೆಜ್ಜೆಯಲ್ಲಿ ಬರೆದ ಮೂರು ಪುಟಗಳ ಟಿಪ್ಪಣಿಯನ್ನು ಲಗತ್ತಿಸಿ, ಅಂದು ಹೇಳಿದ ಕಾರಣಗಳಲ್ಲಿ ಎಷ್ಟು ಉಳಿದಿವೆ ಎಂಬುದನ್ನು ನಿರ್ದೇಶಕ ಮಂಡಳಿಯ ನಡವಳಿಯಲ್ಲಿ ದಾಖಲಿಸಿ.